ಚಿಕ್ಕಪ್ಪನ ಇಂಜಿನ್ನಿಗೆ ಬೆಳ್ಳಿ ಬಣ್ಣ

ಮೋಟಾರ್ ಸೈಕಲ್ ನಿಲ್ಲಿಸಿದ ಮೇಲೆ ಚಿಕ್ಕಪ್ಪ ನೇರವಾಗಿ ಯಾರ ಮನೆಯೊಳಗೂ ಹೋಗುತ್ತಿರಲಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಬಗ್ಗಿ, ಇಂಜಿನ್ನಿನ ಮೇಲೆ ಯಾವುದೋ ಒಂದು ಕಲೆಯನ್ನು ಉಜ್ಜುತ್ತಿದ್ದರು. ಕಲೆ ಇರಲೇಬೇಕು ಅಂತೇನಿಲ್ಲ. ಬಿಸಿ ಇಂಜಿನ್ನಿಗೆ ಬೆರಳು ಚುರ್ ಎನ್ನುತ್ತಿತ್ತು, ಬೆರಳು ಮತ್ತೆ ಬಾಯಿಗೆ ಹೋಗುತ್ತಿತ್ತು. ಮೂವತ್ತು ದಾಟಿದ ಗಂಡಸು, ರೇಷ್ಮೆ ಇಲಾಖೆಯ ನೌಕರ, ರೈತರ ಮನೆ ಬಾಗಿಲಲ್ಲಿ ಬೆರಳು ಚೀಪುತ್ತಾ ನಿಂತಿರುತ್ತಿದ್ದರು.

ಮುಳಬಾಗಿಲಿನ ನಮ್ಮ ಮನೆಯಲ್ಲಿ ನಗುವಂಥದ್ದು ಆಗಬೇಕಾದರೆ ಬೇರೆ ಯಾರೂ ಕಷ್ಟಪಡಬೇಕಾಗಿರಲಿಲ್ಲ, ಚಿಕ್ಕಪ್ಪ ಒಂದು ಸ್ಪ್ಯಾನರು ಕೈಗೆ ತಗೊಂಡರೆ ಸಾಕಿತ್ತು. ಆಗೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ಬರೆಯಲು ಕೂತರೆ ನಗು ಅರ್ಧಕ್ಕೇ ನಿಂತುಬಿಡುತ್ತದೆ. ಚಿಕ್ಕಪ್ಪ ಇವತ್ತಿಗೂ ಒಬ್ಬರೇ ಇದ್ದಾರೆ.

ಅದು ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಗೌನಿಪಲ್ಲಿ ಕಡೆಯ ಒಬ್ಬ ರೇಷ್ಮೆ ಬೆಳೆಗಾರರು ಚಿಕ್ಕಪ್ಪನ ಕೆಲಸ ನೋಡಿ ಮೆಚ್ಚಿ, ತಾವಾಗಿಯೇ ಮಗಳನ್ನು ಕೊಡುವ ಮಾತೆತ್ತಿದ್ದರು. ಒಂದು ಸಲ ಮನೆಯವರನ್ನು ಕರ್ಕೊಂಡು ಬನ್ನಿ ಸಾರ್ ಎಂದಿದ್ದರು. ಚಿಕ್ಕಪ್ಪನಿಗೂ ಮನಸ್ಸಿತ್ತು. ಊಟದ ಹೊತ್ತಲ್ಲಿ ಗೌನಿಪಲ್ಲಿಯ ಹೆಸರು ಬಂದರೆ ಅವರು ಮುದ್ದೆಗೆ ಸಾರಿನ ಬದಲು ಮಜ್ಜಿಗೆ ಹುಯ್ದುಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ. ಆದರೆ ಹೊರಡುತ್ತಿರಲಿಲ್ಲ.

"ಈ ಇಂಜಿನ್ ಇಟ್ಕೊಂಡು ಹೆಂಗಮ್ಮ ಹೋಗ್ಲಿ?" ಎಂದು ಅಜ್ಜಿಯನ್ನು ಕೇಳುತ್ತಿದ್ದರು.

ಗಾಡಿ ಸೆಕೆಂಡ್ ಹ್ಯಾಂಡು. ಮೊದಲಿನ ಯಜಮಾನ ಯಾರೋ ಪುಣ್ಯಾತ್ಮ ಇಂಜಿನ್ನಿನ ಎರಡೂ ಬದಿಯ ಕವರುಗಳಿಗೆ ಬಾಗಿಲಿಗೆ ಬಳಿಯುವ ಹಸಿರು ಬಣ್ಣ ಬಳಿದಿದ್ದ. ಅದು ಅಲ್ಲಲ್ಲಿ ಎದ್ದು, ಪೊರೆ ಬಿಡುತ್ತಿರುವ ಓತಿಕ್ಯಾತದ ಹಾಗೆ ಕಾಣುತ್ತಿತ್ತು.

"ಹುಡುಗಿ ನೋಡೋಕೆ ಹೋಗ್ತೀಯೋ, ಇಂಜಿನ್ ತೋರ್ಸೋಕೆ ಹೋಗ್ತೀಯೋ?" ಎಂದು ಅಜ್ಜಿ ಕೇಳಿದರು.

"ಎರಡೂ ಒಂದೇ ಸಲ ಆಗುತ್ತಲ್ಲಮ್ಮ," ಎಂದರು ಚಿಕ್ಕಪ್ಪ.

ಹಂಡೆ ಒಲೆ

ಕವರುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ ಹಸಿರನ್ನೆಲ್ಲ ತೆಗೆದದ್ದಾಯಿತು. ಕೋಲಾರದಿಂದ ಬೆಳ್ಳಿ ಬಣ್ಣದ ಡಬ್ಬಿ ಬಂತು. ಡಬ್ಬಿಯ ಮೇಲೆಲ್ಲ ಇಂಗ್ಲಿಷು. ಮನೆಗೆ ಯಾರು ಬಂದರೂ ಬಾಗಿಲ ಹಿಂದೆ ಸರಿಯುತ್ತಿದ್ದ ನನ್ನನ್ನು ಹೊರಗೆ ಎಳೆಯಲು ಅದೊಂದು ನೆಪ.

"ಇಂಗ್ಲಿಷ್ ಮೀಡಿಯಂ, ಬಾಮ್ಮ ಇಲ್ಲಿ. ಏನ್ ಬರ್ದವ್ರೆ ಓದು," ಎಂದರು ಚಿಕ್ಕಪ್ಪ.

ಬಳಿದ ಮೇಲೆ ಚೆನ್ನಾಗಿ ಕಾವು ಕೊಡಬೇಕು, ಇಲ್ಲದಿದ್ದರೆ ಇಂಜಿನ್ನಿನ ಬಿಸಿಗೆ ಬಣ್ಣ ನಿಲ್ಲುವುದಿಲ್ಲ ಎಂದು ಬರೆದಿತ್ತು. ಹಾಗೆಯೇ ಹೇಳಿದೆ.

ನಮ್ಮ ಮನೆಯಲ್ಲಿ ಒಂದೇ ಹದವಾಗಿ ಕಾವು ಇರುತ್ತಿದ್ದುದು ಬಚ್ಚಲು ಮನೆಯ ಹಂಡೆ ಒಲೆಯಲ್ಲಿ ಮಾತ್ರ. ಹಂಡೆಯ ಮುಚ್ಚಳ ತೆಗೆದು, ಅದರ ಜಾಗದಲ್ಲಿ ಎರಡು ಕಬ್ಬಿಣದ ಸರಳು ಅಡ್ಡ ಇಟ್ಟು, ಮೇಲೆ ಕವರುಗಳನ್ನು ಮಲಗಿಸಿದರು. ಕೆಳಗೆ ಒಲೆ, ನಡುವೆ ಸ್ನಾನದ ನೀರು, ಮೇಲೆ ಇಂಜಿನ್ನು. ಆವಿಗೆ ಬಣ್ಣವೆಲ್ಲ ಬೊಬ್ಬೆ ಎದ್ದು ಹನಿಹನಿಯಾಗಿ ಹಂಡೆಗೆ ಬಿತ್ತು. ಚಿಕ್ಕಪ್ಪ ನೋಡಿ ಕವರು ಎತ್ತಿಕೊಂಡು ಹೋದರು. ನೀರಿನ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ.

ಅವತ್ತು ಶುಕ್ರವಾರ, ಎಲ್ಲರಿಗೂ ಎಣ್ಣೆ ಸ್ನಾನ. ಸಂಜೆ ಎದುರು ಮನೆಯಾಕೆ ಬಂದವರು ನಡುಮನೆಯಲ್ಲಿ ಕೂತು ಮೂಗೆಳೆದರು.

"ಬಣ್ಣದ ವಾಸನೆ ಬರ್ತೈತಲ್ಲ, ಮನೆಗೆ ಬಣ್ಣ ಹೊಡಿಸಿದ್ರಾ? ಮದುವೆ ಕುದುರ್ತು ಅನ್ನಿ."

ಅಜ್ಜಿ ಒದ್ದೆ ತಲೆ ಒರೆಸಿಕೊಳ್ಳುತ್ತಾ ಹೇಳಿದರು, "ಇಲ್ಲ ಕಣಮ್ಮ. ಸ್ನಾನ ಮಾಡಿದೀವಿ, ಅಷ್ಟೇ."

ಮುದ್ದೆ ಬಿರಡೆ

ಎರಡನೇ ಸಲ ಬಿಸಿಲಿನಲ್ಲೇ ಒಣಗಿಸುವುದೆಂದು ತೀರ್ಮಾನ. ಕವರಿನ ಸುತ್ತ ಬೋಲ್ಟು ಕೂರುವ ತೂತುಗಳಿರುತ್ತವೆ. ಅದರೊಳಕ್ಕೆ ಬಣ್ಣ ಹೋದರೆ ಬೋಲ್ಟು ಕೂರುವುದಿಲ್ಲ. ಅದಕ್ಕೆ ಬಟ್ಟೆ ತುರುಕಿದರೆ ಎಳೆ ಅಂಟುತ್ತೆ, ಕಾಗದ ತುರುಕಿದರೆ ನೆನೆಯುತ್ತೆ. ಚಿಕ್ಕಪ್ಪ ಊಟಕ್ಕೆ ಕೂತವರು ತಟ್ಟೆಯಲ್ಲಿದ್ದ ರಾಗಿಮುದ್ದೆಯನ್ನು ಸ್ವಲ್ಪ ಹೊತ್ತು ನೋಡಿದರು. ಅರ್ಧ ತಿಂದರು. ಉಳಿದರ್ಧ ಎತ್ತಿಕೊಂಡು ಹಿತ್ತಲಿಗೆ ನಡೆದರು.

ನಿಜ ಹೇಳಬೇಕೆಂದರೆ ಮುದ್ದೆ ಬಿರಡೆ ಬಹಳ ಚೆನ್ನಾಗಿ ಕೂತಿತ್ತು. ಒಂದೊಂದು ತೂತಿಗೂ ಗೋಲಿಯಷ್ಟು ಮುದ್ದೆ ಒತ್ತಿ, ಮೇಲೆ ಬೆರಳಿನಿಂದ ಸವರಿ, ಅಂದವಾಗಿ ಬಣ್ಣ ಬಳಿದು, ಚಪ್ಪಡಿ ಕಲ್ಲಿನ ಮೇಲಿಟ್ಟು ಕೈ ತೊಳೆಯಲು ಹೋದರು. ಅಷ್ಟರಲ್ಲಿ ಪಕ್ಕದ ಮನೆಯ ಕೋಳಿಗಳಿಗೆ ಸುದ್ದಿ ತಲುಪಿತ್ತು.

ವಾಪಸು ಬಂದಾಗ ತೂತುಗಳೆಲ್ಲ ಖಾಲಿ. ಕವರಿನ ತುಂಬ ಮೂರು ಬೆರಳಿನ ಹೆಜ್ಜೆ ಗುರುತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಒಂದು ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅದರ ಕೊಕ್ಕು, ಎರಡು ಕಾಲು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಅವರ ಮನೆಮಾತು ತೆಲುಗು, ಸಿಟ್ಟು ಬಂದರೆ ಮೊದಲು ಅದೇ ಬರುತ್ತಿತ್ತು, ಕನ್ನಡ ಆಮೇಲೆ.

"ಮಾ ಕೋಡಿಕಿ ಏಮಿ ಪೂಸಿನಾರಯ್ಯಾ?" ಎಂದರು, ನಮ್ಮ ಕೋಳಿಗೆ ಏನು ಬಳಿದಿರಪ್ಪ ಎಂದು.

"ನಾನೇನೂ ಬಳೀಲಿಲ್ಲ ಅಕ್ಕ. ಅದೇ ಬಂದು ಬಳ್ಕೊಂತು," ಎಂದರು ಚಿಕ್ಕಪ್ಪ.

"ಬಳ್ಕೊಂಡಿದ್ದು ಇರ್ಲಿ. ಈಗ ನಮ್ಮ ಹುಂಜ ಇದನ್ನ ನೋಡಿ ಬೇಲಿ ಹಾರಿ ಓಡೋಗೈತೆ. ಯಾರು ಹಿಡ್ಕೊಂಡ್ಬರೋದು?"

ಚಿಕ್ಕಪ್ಪ ಹುಂಜ ಹುಡುಕಲು ಹೊರಟರು. ಅಜ್ಜಿ ಹೇಂಟೆಯ ಕಾಲನ್ನು ಎತ್ತಿ ಎತ್ತಿ ನೋಡಿದರು.

"ಕಾಲುಂಗುರ ಹಾಕ್ದಂಗೈತೆ. ಇದಾದ್ರೂ ಈ ವರ್ಷ ಮದುವೆ ಆಗ್ಲಿ ಬಿಡಮ್ಮ."

ಅರಿಶಿನ ಕುಂಕುಮ

ಮೂರನೇ ಸಲದ ಬಣ್ಣ ಇನ್ನೂ ಹಸಿಯಾಗಿದ್ದಾಗ ಆಯುಧಪೂಜೆ ಬಂತು. ಅಜ್ಜಿ ಕುಡುಗೋಲು, ಒನಕೆ, ಈಳಿಗೆಮಣೆಗೆಲ್ಲ ಅರಿಶಿನ ಕುಂಕುಮ ಇಟ್ಟು, ಕಲ್ಲಿನ ಮೇಲೆ ಒಣಗುತ್ತಿದ್ದ ಕವರುಗಳಿಗೂ ಅಂಗೈ ತುಂಬ ಇಟ್ಟರು. ಕುಂಕುಮ ಬಣ್ಣದೊಳಕ್ಕೆ ಇಳಿದು ಅಲ್ಲೇ ಒಣಗಿತು. ಚಿಕ್ಕಪ್ಪ ಉಪ್ಪುಕಾಗದ ತಗೊಂಡರೆ ಅಜ್ಜಿ ಅಡ್ಡ ನಿಂತರು.

"ಪೂಜೆ ಮಾಡಿರೋ ಕುಂಕುಮಾನ ಉಜ್ಜಿ ತೆಗೀತೀಯೇನೋ? ತಾನಾಗೇ ಹೋಗ್ಬೇಕು."

"ಅದು ಹೋಗಲ್ಲಮ್ಮ, ಪೇಂಟಲ್ಲಿ ಸೇರ್ಕೊಂಡೈತೆ."

"ಹೋಗ್ದಿದ್ರೆ ಇರ್ಲಿ, ಒಳ್ಳೇದೇ ಅಲ್ವಾ."

ದೀಪಾವಳಿ ಕಳೆಯುವ ತನಕ ಗಾಡಿ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಆ ಕವರುಗಳನ್ನು ದೇವರ ಗೂಡಿನ ಪಕ್ಕಕ್ಕೆ ಒರಗಿಸಿದ್ದರು. ಬೈರಕೂರಿನಿಂದ ಬಂದ ನೆಂಟರೊಬ್ಬರು ಅದಕ್ಕೂ ಕೈ ಮುಗಿದು, ಇದು ನಿಮ್ಮ ಮನೆದೇವರಾ ಎಂದು ಕೇಳಿದರು. ಅಮ್ಮ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. "ಮೈದುನಂದು," ಎಂದರು.

ಹುಡುಗಿ ನೋಡಿದ್ದು

ಇಷ್ಟರಲ್ಲಿ ಗೌನಿಪಲ್ಲಿಯವರು ಎರಡು ಸಲ ಹೇಳಿ ಕಳಿಸಿದ್ದರು. ಇನ್ನು ತಡ ಮಾಡಿದರೆ ಬೇರೆ ಕಡೆ ನೋಡ್ತಾರೆ ಕಣೋ ಎಂದು ಅಪ್ಪ ತಮ್ಮನಿಗೆ ಗದರಿದ ಮೇಲೆ ಒಂದು ಭಾನುವಾರ ಗೊತ್ತಾಯಿತು. ಶನಿವಾರ ಚಿಕ್ಕಪ್ಪ ಅಜ್ಜಿಯ ಕುಂಕುಮದ ಮೇಲೆಯೇ ಕೊನೆಯ ಸಲ ಬಣ್ಣ ಬಳಿದರು. ಹಂಡೆ ಒಲೆಯ ಹತ್ತಿರಕ್ಕೆ ಅವರನ್ನು ಯಾರೂ ಬಿಡಲಿಲ್ಲ, ಬಿಸಿಲೂ ಸಾಲಲಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಕವರು ಕೂರಿಸಿದಾಗ, ಸುಳ್ಳು ಯಾಕೆ, ಗಾಡಿ ಹೊಸ ಬೆಳ್ಳಿ ಚೊಂಬಿನ ಹಾಗಿತ್ತು. ಅಜ್ಜಿ, ಅಪ್ಪ, ಅಮ್ಮ ಬಸ್ಸಿನಲ್ಲಿ ಮುಂದೆ ಹೋದರು. ನಾನು ಚಿಕ್ಕಪ್ಪನ ಹಿಂದೆ ಕೂತೆ.

ಶ್ರೀನಿವಾಸಪುರ ದಾಟುವಷ್ಟರಲ್ಲಿ ನನ್ನ ಕಾಲ ಹತ್ತಿರ ಹೊಗೆ ಕಾಣಿಸಿತು. ಮಾವಿನ ತೋಪುಗಳ ನಡುವೆ ಹೋಗುವಾಗ ಕಣ್ಣು ಉರಿಯತೊಡಗಿತು.

"ಚಿಕ್ಕಪ್ಪ, ವಾಸನೆ," ಎಂದೆ.

"ಹೊಸದಲ್ವಾ, ಹಂಗೇ. ಈಗ ಕಾವು ಸಿಕ್ತೈತಲ್ಲ, ಗಟ್ಟಿಯಾಗುತ್ತೆ," ಎಂದರು. ಅವರಿಗೆ ಒಳಗೊಳಗೇ ಸಂತೋಷ.

ಅವರ ಮನೆ ಉದ್ದನೆಯದು. ಒಂದು ಕಡೆ ಮನುಷ್ಯರು, ಗೋಡೆಯ ಆಚೆ ಹುಳು ಸಾಕುವ ಕೋಣೆ. ಎಲ್ಲರಿಗೂ ಕಾಣಲಿ ಎಂದು ಚಿಕ್ಕಪ್ಪ ಗಾಡಿಯನ್ನು ಜಗಲಿಯ ಪಕ್ಕಕ್ಕೇ ತಂದು ನಿಲ್ಲಿಸಿದರು. ನಿಲ್ಲಿಸಿದ್ದು ಹುಳುವಿನ ಕೋಣೆಯ ಕಿಟಕಿಯ ಕೆಳಗೆ. ಹುಳು ಗೂಡು ಕಟ್ಟಲು ಇನ್ನು ಕೆಲವೇ ದಿನವಿತ್ತಂತೆ. ಇಡೀ ದಿನ ಸೊಪ್ಪು ಮೇಯುವ ವಯಸ್ಸು. ನಾವು ಚಾಪೆಯ ಮೇಲೆ ಕೂತಾಗ ಗೋಡೆಯಾಚೆಯಿಂದ ಹರಹರ ಎಂದು ಒಂದೇ ಸಮ ಮೇಯುವ ಸದ್ದು ಕೇಳುತ್ತಿತ್ತು.

ಹುಡುಗಿ ಉಪ್ಪಿಟ್ಟು ತಂದಿಟ್ಟಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ಗಟ್ಟಿ ಕೈ. ಚಿಕ್ಕಪ್ಪ ಉಪ್ಪಿಟ್ಟಿನಲ್ಲಿದ್ದ ಕಡಲೆಬೇಳೆ ಹುಡುಕುತ್ತಾ ತಲೆ ಎತ್ತಲಿಲ್ಲ. ಆಗ ಆ ಸದ್ದು ನಿಂತಿತು. ಅದನ್ನು ಮೊದಲು ಗಮನಿಸಿದ್ದು ಅವಳೇ. ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಕೆಳಗಿಟ್ಟು ಒಳಗೆ ಹೋದಳು, ಬಂದು ಅವರಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಅವರು ಎದ್ದರು. ಅವರ ಹಿಂದೆ ನಾವೂ ಎದ್ದೆವು.

ಬಿದಿರಿನ ತಟ್ಟೆಗಳಲ್ಲಿ ಸೊಪ್ಪು ಹಾಗೇ ಬಿದ್ದಿತ್ತು. ಹುಳುಗಳೆಲ್ಲ ತಲೆ ಮೇಲೆತ್ತಿ ಸುಮ್ಮನೆ ನಿಂತಿದ್ದವು. ಕಿಟಕಿಯಿಂದ ಬೆಳ್ಳಿ ಬಣ್ಣ ಸುಡುವ ಹೊಗೆ ಒಳಕ್ಕೆ ಬರುತ್ತಿತ್ತು.

ಹುಡುಗಿಯ ಅಪ್ಪ ಬೈಯಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದರು, "ಸಾರ್, ಹುಳ ಇರೋ ಕಡೆ ಊದಿನಕಡ್ಡಿನೂ ಹಚ್ಬೇಡಿ ಅಂತ ನೀವೇ ಹೇಳಿಕೊಟ್ರಿ. ನಮ್ಮಮ್ಮ ಶನಿವಾರದ ಧೂಪ ನಿಲ್ಲಿಸಿದ್ಲು. ನಾನು ಬೀಡಿ ಬಿಟ್ಟೆ."

ಚಿಕ್ಕಪ್ಪನ ಮುಖ ನೋಡಲು ಆಗಲಿಲ್ಲ. ಓಡಿಹೋಗಿ ಗಾಡಿಯನ್ನು ತಳ್ಳಿಕೊಂಡು ಬೀದಿಯ ಕೊನೆಗೆ ಬಿಟ್ಟು ಬಂದರು. ವಾಸನೆ ಮಾತ್ರ ಕೋಣೆ ಬಿಡಲಿಲ್ಲ. ತಟ್ಟೆಗಳನ್ನು ಹಿಂದಿನ ಚಪ್ಪರಕ್ಕೆ ಸಾಗಿಸದೆ ಬೇರೆ ದಾರಿಯಿರಲಿಲ್ಲ. ಆ ಮನೆಯವರ ಕೈ ಸಾಲದೆ ನಾವೂ ನಿಂತೆವು. ಅಪ್ಪ ಇಸ್ತ್ರಿ ಮಾಡಿದ ಷರಟಿನ ತೋಳು ಮಡಿಸಿದರು, ಅಮ್ಮ ಮದುವೆ ಸೀರೆಯ ಸೆರಗು ಸಿಕ್ಕಿಸಿದರು. ಮೊಣಕಾಲು ನೋವಿನ ಅಜ್ಜಿ ಬಾಗಿಲಲ್ಲಿ ನಿಂತು "ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದರು. ಹುಡುಗಿ ನೋಡಲು ಹೋದವರು ಹುಳು ಹೊತ್ತೆವು.

ತಟ್ಟೆಗಳು ದೊಡ್ಡವು, ಒಂದಕ್ಕೆ ಇಬ್ಬರು ಬೇಕು. ಒಂದು ತಟ್ಟೆಯ ಒಂದು ಬದಿ ಚಿಕ್ಕಪ್ಪ, ಇನ್ನೊಂದು ಬದಿ ಆ ಹುಡುಗಿ. ಹಾಗೇ ಎಷ್ಟೋ ಸಲ ಹೋಗಿ ಬಂದರು. ನಡುವೆ ಸಾವಿರಾರು ಹುಳುಗಳು ತಲೆ ಎತ್ತಿ ಇಬ್ಬರನ್ನೂ ನೋಡುತ್ತಿದ್ದವು. ಅವಳೂ ನೋಡಿದಳು. ಚಿಕ್ಕಪ್ಪ ಮಾತ್ರ ಹುಳುಗಳನ್ನೇ ನೋಡುತ್ತಾ ನಡೆದರು.

ಹೊರಡುವ ಮೊದಲು ನಾನು ಕೈ ತೊಳೆಯಲು ಚಪ್ಪರದ ಹತ್ತಿರ ಹೋದೆ. ಅವಳು ಚೊಂಬಿನಿಂದ ನೀರು ಹುಯ್ದಳು. ತಟ್ಟೆಗಳ ಕಡೆ ತಲೆ ವಾಲಿಸಿ, "ಕೇಳು," ಎಂದಳು. ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಹುಳು ಮತ್ತೆ ಮೇಯಲು ಶುರು ಮಾಡಿತ್ತು.

"ನಿಮ್ಮ ಚಿಕ್ಕಪ್ಪ ಒಂದು ಹುಳಾನೂ ಕೆಳಗೆ ಬೀಳಿಸ್ಲಿಲ್ಲ," ಎಂದಳು. "ಇನ್ನೊಂದ್ಸಲ ಬರೋಕೆ ಹೇಳು. ಬಸ್ಸಲ್ಲಿ."

ಅವತ್ತು ವಾಪಸು ಬರುವಾಗ ಗಾಡಿಯ ಮೇಲೆ ಹೇಳಿದೆ, ಗಾಳಿಗೆ ಕೇಳಿಸಿತೋ ಇಲ್ಲವೋ. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಚಿಕ್ಕಪ್ಪ ಹಿತ್ತಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಕವರು ಬಿಚ್ಚಿಯಾಗಿತ್ತು. ಬೆಳ್ಳಿಯೆಲ್ಲ ಸುಟ್ಟು ಕಂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಸುರುಟಿಕೊಂಡಿತ್ತು. ಉಜ್ಜುತ್ತಿದ್ದರು. ನಾನು ಪಕ್ಕದ ಕಲ್ಲಿನ ಮೇಲೆ ಕೂತು, ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಮೊದಲಿನಿಂದ ಹೇಳಿದೆ, ಹುಳುಗಳು ಮತ್ತೆ ಮೇಯುತ್ತಿವೆ ಎಂಬುದನ್ನೂ ಸೇರಿಸಿ.

ಉಪ್ಪುಕಾಗದ ಒಂದು ಕ್ಷಣ ನಿಂತಿತು. ಆಮೇಲೆ ಅವರು ಕವರನ್ನು ತಿರುಗಿಸಿ ಇನ್ನೊಂದು ಮಗ್ಗುಲನ್ನು ಉಜ್ಜತೊಡಗಿದರು.

ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿಲ್ಲದವಳು ನಾನು. ಆದರೂ ಕೇಳಿದೆ.

"ಬರೋ ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೋಗೋಣ್ವಾ ಚಿಕ್ಕಪ್ಪ? ನಾನೂ ಬರ್ತೀನಿ."