ಏಳನೇ ಪೋರ್ಟಿಗೆ ಕೆಂಪು ಬಟ್ಟೆ

ಮಂಗಳವಾರ, ಜೂನ್ ಹನ್ನೊಂದು, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಶುರುವಾದದ್ದು ಆಗ. ದಿನಚರಿ ಬರೆಯುವ ಚಟ ಅಂಟಿಕೊಂಡಿರುವುದರಿಂದ ನಿಮಿಷವನ್ನೂ ಬಿಡಲಾರೆ, ಕ್ಷಮಿಸಿ.

ಮೊದಲೇ ಹೇಳಿಬಿಡುತ್ತೇನೆ. ನನ್ನ ಸೋದರಮಾವ ಇದುವರೆಗೆ ಒಂದು ಸಲವೂ ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ನಾನು ಕಂಪ್ಯೂಟರ್ ಕಲಿತದ್ದು ಎರಡು ಕಡೆ: ಒಂದು ಕಾಲೇಜಿನಲ್ಲಿ, ಇನ್ನೊಂದು ಮಾವ ತಂದ ಬುತ್ತಿ ಡಬ್ಬಿಯ ಕೆಳಗೆ! ನಂಬುವುದಿಲ್ಲವೇ? ಕೇಳಿ.

ಮಾವ ತುಂಗಭದ್ರಾ ಡ್ಯಾಮಿನ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಅವರದೊಂದು ಕಾನೂನು. ಗೇಟು ಮುಚ್ಚಿದರೆ ಹಿಡಿಕೆಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಬೇಕು. ಕಟ್ಟಿದವನೇ ಬಿಚ್ಚಬೇಕು. ನೌಕರಿ ಮುಗಿಯಿತು, ಕಾನೂನು ಮುಗಿಯಲಿಲ್ಲ. ಚಿತ್ತವಾಡ್ಗಿಯ ಅವರ ಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಕೆಂಪು ಬಟ್ಟೆ, ಟ್ಯಾಂಕಿನ ನಲ್ಲಿಗೆ ಕೆಂಪು ಬಟ್ಟೆ, ಅಟ್ಟದ ಕಿಟಕಿಗೆ ಕೆಂಪು ಬಟ್ಟೆ. ನಾನು ಎಣಿಸಿ ಬರೆದಿಟ್ಟಿದ್ದೇನೆ: ಒಟ್ಟು ಹತ್ತೊಂಬತ್ತು ಗಂಟು. ಬಟ್ಟೆ ಎಲ್ಲಿಂದ? ಅತ್ತೆಯ ಹಳೆಯ ಕೆಂಪು ಸೀರೆಯಿಂದ. ಅದು ಮುಗಿದ ಮೇಲೆ ಎಲ್ಲಿಂದ ಎಂದು ಅತ್ತೆಯ ಎದುರು ಮಾತ್ರ ಕೇಳಬೇಡಿ.

ಒಮ್ಮೆ ಗ್ಯಾಸಿನ ಪೈಪು ಸೋರುತ್ತದೆಂದು ಮುಚ್ಚಿ, ಗಂಟು ಹಾಕಿ, ಹೊಸ ಪೈಪು ತರುತ್ತೇನೆಂದು ಹೊರಟವರು ದಾರಿಯಲ್ಲಿ ಯಾರೋ ಕರೆದರೆಂದು ಸಂಡೂರಿಗೆ ಹೋಗಿಬಿಟ್ಟರು. ಎರಡು ದಿನ ಮನೆಯಲ್ಲಿ ಮಂಡಕ್ಕಿ, ಬಾಳೆಹಣ್ಣು! ಮೂರನೇ ದಿನ ಬಂದವರಿಗೆ ಅತ್ತೆ ಹೇಳಿದ್ದು ಇಷ್ಟೇ:

"ನನ್ನ ಬಾಯಿಗೊಂದು ಬಟ್ಟಿ ಕಟ್ಟಿಲ್ಲ, ಅದಾ ಪುಣ್ಯ."

"ಅದು ಮುಚ್ಚಿದ್ರ ಅಲ್ಲೇನು ಕಟ್ಟೋದು?" ಎಂದರು ಮಾವ.

ಇನ್ನು ಮಲಪನಗುಡಿಯ ಮದುವೆ. ಬೀಗರ ಮನೆಯ ಹಿತ್ತಲಲ್ಲಿ ನಲ್ಲಿ ಸೋರುತ್ತಿತ್ತು. ಮಾವ ಸುಮ್ಮನಿರುತ್ತಾರೆಯೇ? ಬಿಗಿಯಾಗಿ ಮುಚ್ಚಿ ಕೆಂಪು ಬಟ್ಟೆ ಕಟ್ಟಿ ಊಟಕ್ಕೆ ಕುಳಿತರು. ಹಿಂದೆ ಬಂದ ಹೆಂಗಸರು ಇದೇನೋ ಗಂಗೆ ಪೂಜೆಯ ಶಾಸ್ತ್ರವೆಂದು ತಿಳಿದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎರಡು ಊದುಬತ್ತಿ ಸಿಕ್ಕಿಸಿದರು. ಮೂರು ಪಂಕ್ತಿ ಊಟವಾಯಿತು. ಒಬ್ಬರೂ ಆ ನಲ್ಲಿಯಲ್ಲಿ ಕೈ ತೊಳೆಯಲಿಲ್ಲ, ಎಲ್ಲರೂ ಕೈ ಮುಗಿದು ಹೋದರು!

ಈಗ ಮಂಗಳವಾರಕ್ಕೆ ಬರೋಣ. ಹೊಸಪೇಟೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಯಂತ್ರಗಳ ಉಸ್ತುವಾರಿ ನನ್ನದು. ಸೇರಿ ಐದು ತಿಂಗಳು. ಆರನೆಯ ತಿಂಗಳಿಗೆ ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಕೇಂದ್ರ ನಡೆಸುವ ಮೇಡಂ ತೀರ್ಮಾನಿಸಬೇಕು. ಅಂದು ಎರಡು ಗಂಟೆಗೆ ಸರ್ಟಿಫಿಕೇಟಿನ ಪರೀಕ್ಷೆ. ಕಂಪ್ಲಿಯಿಂದ, ಸಂಡೂರಿನಿಂದ ಬಸ್ ಹಿಡಿದು ಬಂದ ನಲವತ್ತೆರಡು ಮಂದಿ ವರಾಂಡದಲ್ಲಿ ಕುಳಿತು ಓದುತ್ತಿದ್ದರು. ಪರೀಕ್ಷೆಯ ಪುಟ ತೆರೆಯುತ್ತಲೇ ಇರಲಿಲ್ಲ!

ನಮ್ಮಲ್ಲಿ ಒಂದು ದೊಡ್ಡ ಯಂತ್ರದ ಹೊಟ್ಟೆಯೊಳಗೆ ಹನ್ನೆರಡು ಯಂತ್ರಗಳಿವೆ, ಪರೀಕ್ಷೆ ನಡೆಸುವುದು ಅವುಗಳಲ್ಲೊಂದು. ಅವು ಕಬ್ಬಿಣದವಲ್ಲ, ಪ್ರೋಗ್ರಾಮಿನಲ್ಲೇ ಹುಟ್ಟಿ ಪ್ರೋಗ್ರಾಮಿನಲ್ಲೇ ಬದುಕುವಂಥವು. ಅವನ್ನು ಹೊರಗಿನ ಕಂಪ್ಯೂಟರುಗಳಿಗೆ ಜೋಡಿಸುವ ಸ್ವಿಚ್ಚೂ ಹಾಗೆಯೇ ವರ್ಚುವಲ್, ಕೈಗೆ ಸಿಗದು. ಆದರೂ ಅದಕ್ಕೆ ಪೋರ್ಟುಗಳುಂಟು, ಯಂತ್ರಕ್ಕೊಂದರಂತೆ. ಪೋರ್ಟು ತೆರೆದಿದ್ದರೆ ಮಾಹಿತಿ ಹರಿಯುತ್ತದೆ, ಮುಚ್ಚಿದ್ದರೆ ನಿಂತುಬಿಡುತ್ತದೆ.

ನಾನು ವೈರು ಕಿತ್ತು ಮತ್ತೆ ಸಿಕ್ಕಿಸಿದ್ದು ಹದಿನಾಲ್ಕು ಸಲ, ನೆನೆದ ದೇವರು ಐವರು. ಹನ್ನೆರಡು ಗಂಟೆ ಮೂರು ನಿಮಿಷಕ್ಕೆ ಕಂಡಿತು! ಸ್ವಿಚ್ಚಿನ ಪಟ್ಟಿಯಲ್ಲಿ ಏಳನೇ ಪೋರ್ಟು ಬ್ಲಾಕ್ ಆಗಿದೆ. ಅದರ ಮುಂದೆ ಪರೀಕ್ಷೆ ಯಂತ್ರದ್ದೇ ಹೆಸರು. ಒಂದು ಕ್ಲಿಕ್ ಮಾಡಿದರೆ ತೆರೆಯುತ್ತದೆ. ಕುರ್ಚಿಯಲ್ಲೇ ಕುಣಿಯುವಂತಾಯಿತು.

ಹನ್ನೆರಡೂ ಐದಕ್ಕೆ, ದಿನದಂತೆ, ಮಾವ ನನ್ನ ಬುತ್ತಿ ತಂದರು. ಪರದೆಯ ಮೇಲಿನ ಕೆಂಪು ಗುರುತು ನೋಡಿ ನಿಂತರು.

"ಮುಚ್ಚೈತೇನು?"

"ಹೌದ್ರಿ ಮಾವಾ, ಈಗ ತೆಗೀತೀನಿ."

"ಯಾರು ಮುಚ್ಯಾರ?"

"ಗೊತ್ತಿಲ್ರಿ."

"ಯಾಕ ಮುಚ್ಯಾರ?"

"ಗೊತ್ತಿಲ್ರಿ. ಇದು ಕಾಲುವಿ ಅಲ್ಲ ಮಾವಾ, ಇದರಾಗ ನೀರಿಲ್ಲ."

"ನೀರಿಲ್ಲಾಂದ್ರ ಬಿಡು. ಕೆಳಗ ಯಾರದಾರ, ಅದನ್ನ ಹೇಳು."

ಹೀಗೆಂದವರೇ ನನ್ನ ಮೌಸ್ ಪಕ್ಕಕ್ಕೆ ಸರಿಸಿ ಕೀಬೋರ್ಡಿನ ಮೇಲೆ ಬುತ್ತಿ ಡಬ್ಬಿ ಇಟ್ಟು, ಡಬ್ಬಿಯ ಮೇಲೆ ಕೈ ಇಟ್ಟು ಕುಳಿತುಬಿಟ್ಟರು! ಮೇಡಂ ಮೂರನೇ ಸಲ ಬಾಗಿಲಲ್ಲಿ ಇಣುಕಿ ಹೋದರು. ನನಗೆ ಅಳು ಬರುವುದೊಂದು ಬಾಕಿ. ಡಬ್ಬಿ ಏಳಬೇಕಾದರೆ ಉತ್ತರ ಕೊಡಬೇಕು. ಬೇರೆ ದಾರಿ ಕಾಣದೆ ದಿನಚರಿ ತೆಗೆದೆ. ಹಿಂದಿನ ಗುರುವಾರ, ಸಂಜೆ ನಾಲ್ಕೂ ನಲವತ್ತು. ನನ್ನದೇ ಅಕ್ಷರ: "ಮುಚ್ಚಿದ ಪೋರ್ಟು: ಒಂದು."

ಎಷ್ಟು ಚೆಂದದ ಲೆಕ್ಕ! ಯಾವುದು, ಯಾಕೆ ಎಂಬುದಷ್ಟೇ ಇಲ್ಲ.

ಆಗ ನೆನಪಾಯಿತು. ಗುರುವಾರ ನಾನು ಪರೀಕ್ಷೆ ಯಂತ್ರದ್ದೊಂದು ನಕಲು ಮಾಡಿದ್ದೆ, ಪ್ರಯೋಗಕ್ಕೆಂದು. ಎರಡರ ವಿಳಾಸವೂ ಒಂದೇ ಆದ್ದರಿಂದ ಜಗಳವಾಗದಿರಲೆಂದು ನಕಲಿನ ಪೋರ್ಟು ಮುಚ್ಚಿದ್ದೆ. ಮಂಗಳವಾರ ಸಂಜೆ ಆರಕ್ಕೆ ಆ ನಕಲು ತಾನಾಗಿ ಅಳಿಸಿಹೋಗುವಂತೆ ಏರ್ಪಾಟೂ ಮಾಡಿದ್ದೆ. ಹೆಸರು ಉದ್ದವಾಗಿದ್ದರಿಂದ ಕೊನೆಯ "ನಕಲು" ಎಂಬುದು ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಅಸಲು ಎಲ್ಲಿ? ಮೂರನೇ ಪೋರ್ಟಿನಲ್ಲಿ. ಪೋರ್ಟು ತೆರೆದೇ ಇತ್ತು, ಯಂತ್ರ ಮಲಗಿತ್ತು! ಬೆಳಿಗ್ಗೆ ಕರೆಂಟು ಹೋಗಿ ಬಂದಾಗ ಉಳಿದವೆಲ್ಲ ತಾವೇ ಎದ್ದಿದ್ದವು. ಇದೊಂದಕ್ಕೆ ತಾನಾಗಿ ಏಳು ಎಂದು ನಾನು ಹೇಳಿಯೇ ಇರಲಿಲ್ಲ.

ಈಗ ಯೋಚಿಸಿ. ಏಳನೆಯದನ್ನು ತೆರೆದಿದ್ದರೆ ಪುಟವೂ ತೆರೆಯುತ್ತಿತ್ತು, ನಾನೂ ಕುಣಿಯುತ್ತಿದ್ದೆ. ನಲವತ್ತೆರಡು ಮಂದಿ ಬರೆದದ್ದೆಲ್ಲ ನಕಲಿಗೆ ಹೋಗಿ, ಆರು ಗಂಟೆಗೆ ಅದರ ಜೊತೆ ಅಳಿಸಿಹೋಗುತ್ತಿತ್ತು. ಕೆಳಗೆ ಯಾರಿದ್ದಾರೆ? ವರಾಂಡದ ಕಡೆ ನೋಡಿದೆ.

ಉತ್ತರ ಕೇಳಿ ಮಾವ ಡಬ್ಬಿ ಎತ್ತಿದರು, ನಾನು ಅಸಲನ್ನು ಎಬ್ಬಿಸಿದೆ. ಹನ್ನೆರಡೂ ಮೂವತ್ತೊಂದಕ್ಕೆ ಪುಟ ತೆರೆಯಿತು! ಎರಡಕ್ಕೆ ಸರಿಯಾಗಿ ಪರೀಕ್ಷೆ ಶುರುವಾಯಿತು. ಮಾವ ಜೇಬಿನಿಂದ ಕೆಂಪು ಬಟ್ಟೆ ತೆಗೆದು ಏಳನೇ ಪೋರ್ಟಿನ ಹಿಡಿಕೆ ಎಲ್ಲಿದೆ ಎಂದು ಕೇಳಿದರು. ಹಿಡಿಕೆ ಇಲ್ಲವೆಂದಾಗ ಬೇಜಾರಿನಿಂದ ದೊಡ್ಡ ಯಂತ್ರದ ಬಾಗಿಲಿಗೇ ಕಟ್ಟಿದರು.

"ಗೇಟಿನ ಸುದ್ದಿ ಗೇಟಿಗಾ ಇರಬೇಕವ್ವಾ. ನಿನ್ನ ಬುಕ್ಕಿನ್ಯಾಗ ಇದ್ರ ಕೆಳಗಿದ್ದವಗ ಏನು ಗೊತ್ತಾಕ್ಕೈತಿ?"

ನೋಡಿದರೆ, ಪ್ರತಿ ಪೋರ್ಟಿನ ಪಕ್ಕದಲ್ಲೂ ಟಿಪ್ಪಣಿ ಬರೆಯಲು ಒಂದು ಖಾಲಿ ಜಾಗವಿದೆ! ಐದು ತಿಂಗಳಲ್ಲಿ ನಾನು ಅದರಲ್ಲಿ ಬರೆದದ್ದು ಸೊನ್ನೆ ಸಲ.

ಸಂಜೆ ಐದೂವರೆಗೆ ಮಾವನ ಮನೆಗೆ ಹೋದೆ. ಅಲ್ಲಿ ಹುಸೇನಪ್ಪನವರಿದ್ದರು, ಮಾವನ ಜೊತೆ ಅದೇ ಕಾಲುವೆಯಲ್ಲಿ ದುಡಿದವರು, ಒಂದು ಕಾಲು ಎಳೆದು ಕೋಲೂರಿ ನಡೆಯುವವರು. ಮಾವ ಒಳಗೆ ಚಹಾ ಸೋಸುತ್ತಿದ್ದರು. ನಾನು ನಗುತ್ತ ಎಲ್ಲವನ್ನೂ ಹೇಳಿದೆ. ಹುಸೇನಪ್ಪ ನಗಲಿಲ್ಲ.

ಇಬ್ಬರೂ ಹುಡುಗರಿದ್ದಾಗಿನ ಮಾತಂತೆ. ಗೇಟು ಮುಚ್ಚಿ ಹುಸೇನಪ್ಪ ಕೆಳಗಿಳಿದು ಕಾಲುವೆಯ ಜೊಂಡು ಕೀಳುತ್ತಿದ್ದರು. ಮಾವನಿಗೆ ಅದು ಗೊತ್ತಿರಲಿಲ್ಲ. ನೀರು ಬಿಡಲು ಮೇಲಿನಿಂದ ಹೇಳಿಕೆ ಬಂತು. ಮಾವ ಓಡಿ ಬಂದು, ಗೇಟು ಮುಚ್ಚಿದ್ದು ನೋಡಿ, ಎತ್ತಿಬಿಟ್ಟರು. ನೀರು ಹುಸೇನಪ್ಪನನ್ನು ಸೇತುವೆಯ ಕಲ್ಲಿನವರೆಗೂ ಎಳೆದೊಯ್ದಿತು.

"ಅವತ್ತಿಂದ ಶುರು ಆತು ನೋಡು ಇವನ ಬಟ್ಟಿ," ಎಂದರು ಹುಸೇನಪ್ಪ. "ನಾ ಅವತ್ತಾ ಮರ್ತೆ. ಇವ ಇನ್ನಾ ಗಂಟು ಹಾಕ್ಕೋಂತ ಕುಂತಾನ."

ಮಾವ ಚಹಾ ತಂದರು. ತಮ್ಮ ಕಪ್ಪಿನಿಂದ ಅರ್ಧ ಹುಸೇನಪ್ಪನ ಕಪ್ಪಿಗೆ ಬಗ್ಗಿಸಿದರು. ಆಗ ನೋಡಿದೆ, ಗೋಡೆಗೆ ಆನಿಸಿದ್ದ ಆ ಕೋಲಿನ ಹಿಡಿಕೆಗೆ ಅತ್ತೆಯ ಸೀರೆಯ ಕೆಂಪು ಚೂರು, ಬಿಗಿಯಾಗಿ, ಹೊಸದಾಗಿ ಕಟ್ಟಿದ್ದು.

ಇದನ್ನು ನಾನು ಎಣಿಸಿರಲಿಲ್ಲ.

ರಾತ್ರಿ ದಿನಚರಿಯಲ್ಲಿ ಹತ್ತೊಂಬತ್ತನ್ನು ಹೊಡೆದು ಇಪ್ಪತ್ತು ಮಾಡಿದೆ. ಪಕ್ಕದಲ್ಲಿ ಹೊಸದಾಗಿ "ಕಾರಣ" ಎಂದು ಒಂದು ಕಾಲಂ ಎಳೆದಿದ್ದೆ. ಅಲ್ಲಿ ಏನು ಬರೆಯಬೇಕೆಂದು ತೋಚದೆ "ಹುಸೇನಪ್ಪ" ಎಂದಷ್ಟೇ ಬರೆದೆ.

ಬೇರೆ ಕಾಲುವೆಗಳಲ್ಲೂ ಗೇಟಿಗೆ ಹೀಗೆ ಬಟ್ಟೆ ಕಟ್ಟಿದವರು ಯಾರಾದರೂ ಇದ್ದರೆ, ಅಥವಾ ಅಂಥವರನ್ನು ಕಂಡವರಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ಮಾವ ತಾವೊಬ್ಬರೇ ಎಂದುಕೊಂಡಿದ್ದಾರೆ.