ಜಾಯ್ ಬೆನ್ನು ಸೆಟೆಸಿದಾಗ ಚಪ್ಪಾಳೆ ತಟ್ಟುವುದನ್ನು ನಿಷೇಧಿಸಿರುವ ಕುರಿತು

ಸಂಖ್ಯೆ: ಮನೆ/ಜಾಯ್/ಹುಳಿ/೦೭/೨೦೨೫
ಸ್ಥಳ: ಬೈರಿದೇವರಕೊಪ್ಪ, ಹುಬ್ಬಳ್ಳಿ

ವಿಷಯ: ಎರಡೂವರೆ ವರ್ಷದ ಚಿ. ಜಾಯ್ ಹಾಲು ಕುಡಿದ ಮೇಲೆ ಬೆನ್ನು ಹಿಂದಕ್ಕೆ ಸೆಟೆಸಿದಾಗ ಮನೆಮಂದಿ ಸಂಭ್ರಮಿಸುವುದನ್ನು ತಕ್ಷಣ ನಿಲ್ಲಿಸುವ ಬಗ್ಗೆ.

ಉಲ್ಲೇಖ: ೧) ‘ನಮ್ಮ ಜಾಯ್’ ವಾಟ್ಸ್‌ಆ್ಯಪ್ ಗುಂಪಿನ ಹನ್ನೊಂದು ವಿಡಿಯೊಗಳು.
೨) ಅವನ್ನು ನೋಡಿ ಸತ್ತೂರಿನ ಮಕ್ಕಳ ವೈದ್ಯರು ಬಿಟ್ಟ ನಿಟ್ಟುಸಿರು, ಕಳೆದ ಮಂಗಳವಾರ.

ಪ್ರಸ್ತಾವನೆ:

ಜಾಯ್‌ನ ಬೆಳವಣಿಗೆ ನಿಧಾನ. ಇನ್ನೂ ಮಾತಿಲ್ಲ, ಆಸರೆಯಿಲ್ಲದೆ ಕೂರುವುದಿಲ್ಲ. ಆದಕಾರಣ ಅವನು ಬೆರಳು ಅಲ್ಲಾಡಿಸಿದರೂ ಹಿಗ್ಗುವುದು ಈ ಮನೆಯ ರೂಢಿ. ಹಾಲು ಕುಡಿದ ಹತ್ತು ನಿಮಿಷಕ್ಕೆ ಅವನು ಸೆಟೆದಾಗಲೆಲ್ಲ, ನಿವೃತ್ತ ಡ್ರಿಲ್ ಮಾಸ್ತರರಾದ ಅಜ್ಜ ಶ್ರೀ ವಿಲಿಯಂ “ಏಳಾಕತ್ತಾನ! ಲಗೂ ಮೊಬೈಲ್ ತರ್ರಿ!” ಎಂದು ಸೀಟಿ ಊದಿರುತ್ತಾರೆ. ಸೋದರತ್ತೆ ಶ್ರೀಮತಿ ದೀನಾ “ಭಲೇ ಮಗನ! ಇನ್ನೊಮ್ಮಿ ಮಾಡಿ ತೋರಸು” ಎಂದಿರುತ್ತಾರೆ. ಇನ್ನೊಮ್ಮೆ ಮಾಡಲು ಶಕ್ತಿ ಬರಲೆಂದು ಮಗುವನ್ನು ಕಾಲ ಮೇಲೆ ಅಡ್ಡ ಮಲಗಿಸಿ ಮತ್ತರ್ಧ ಲೋಟ ಹಾಲು ಕುಡಿಸಲಾಗಿರುತ್ತದೆ.

ಸದರಿ ವಿಡಿಯೊಗಳನ್ನು ಪ್ರಗತಿಯ ಪುರಾವೆಯೆಂದು ಹೆಮ್ಮೆಯಿಂದ ವೈದ್ಯರಿಗೆ ತೋರಿಸಲಾಯಿತು. ಅವರು ಚಪ್ಪಾಳೆಯ ಸದ್ದು ಬಂದ್ ಮಾಡಿ ಮುಖವನ್ನಷ್ಟೇ ನೋಡಿದರು. ಮೂಗಿನಿಂದ ಸಣ್ಣ ನಳಿಕೆ ಇಳಿಸಿ ಒಂದು ದಿನ ಪರೀಕ್ಷಿಸಿದರು. ಇದು ಸೈಲೆಂಟ್ ರಿಫ್ಲಕ್ಸ್. ಹೊಟ್ಟೆಯ ಹುಳಿ ಗಂಟಲವರೆಗೆ ಏರಿ, ವಾಂತಿಯಾಗದೆ, ಸುಡುತ್ತ ಮರಳಿ ಇಳಿಯುತ್ತದೆ. ಹುಡುಗ ಏಳುತ್ತಿರಲಿಲ್ಲ, ಉರಿ ತಾಳದೆ ಸೆಟೆಯುತ್ತಿದ್ದ.

ಆದ್ದರಿಂದ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

೧. ಹನ್ನೊಂದೂ ಅಭಿನಂದನೆಗಳನ್ನು ಹಿಂಪಡೆಯಲಾಗಿದೆ. ಗುಂಪಿನಲ್ಲಿ ಹಾಕಿದ ಹೃದಯ, ಹೂಗುಚ್ಛಗಳನ್ನು ಹಾಕಿದವರೇ ಮೂರು ದಿನದೊಳಗೆ ಅಳಿಸತಕ್ಕದ್ದು.

೨. ಹಾಲು ಕುಡಿದ ಮೇಲೆ ಅರ್ಧ ತಾಸು ಮಗುವನ್ನು ನೆಟ್ಟಗೆ ಎತ್ತಿಕೊಂಡಿರತಕ್ಕದ್ದು. ಎತ್ತಿಕೊಂಡವರಿಗೆ ಸೀನು ಬಂದಲ್ಲಿ ಪೂರ್ವಾನುಮತಿ ಕಡ್ಡಾಯ.

೩. ಅಜ್ಜನ ಸೀಟಿಯನ್ನು ಜಪ್ತಿ ಮಾಡಿ ಗೌಪ್ಯ ಸ್ಥಳದಲ್ಲಿ, ಅಂದರೆ ಅಕ್ಕಿ ಡಬ್ಬಿಯಲ್ಲಿ, ಇಡಲಾಗಿದೆ. “ಸೀಟಿ ಇಲ್ದ ನನಗ ಹೊತ್ತ ಹೋಗೂದಿಲ್ಲ ಬಿಡವಾ” ಎಂಬ ಮೇಲ್ಮನವಿ ವಜಾಗೊಂಡಿದೆ.

೪. “ಏನಿಲ್ರಿ, ಹಲ್ಲ ಬರಾಕತ್ತಾವ”, “ಬರೇ ಹಟಾ ಅಷ್ಟ” ಎಂದು ರೋಗನಿರ್ಣಯ ಮಾಡುವ ನೆಂಟರು ವೈದ್ಯಕೀಯ ಪದವಿಯ ಮೂರು ದೃಢೀಕೃತ ಪ್ರತಿಗಳನ್ನು ಲಗತ್ತಿಸತಕ್ಕದ್ದು. ಮೂಲ ಪ್ರತಿ ಇಲ್ಲದವರಿಗೆ ಚಹಾ ಮಾತ್ರ.

೫. ಭಾನುವಾರ ಚರ್ಚ್ ಮುಗಿಸಿ ಬರುವವರು ಮಗುವಿಗೆಂದು ತಂದ ಕೇಕನ್ನು ತಾವೇ, ಅಂಗಳದಲ್ಲಿ ನಿಂತು, ತಿಂದು ಮುಗಿಸತಕ್ಕದ್ದು.

೬. ಮಗು ಸೆಟೆದರೆ ಮೊದಲು ಮುಖ ನೋಡತಕ್ಕದ್ದು. ಈ ಕಲಮಿಗೆ ಯಾವ ವಿನಾಯಿತಿಯೂ ಇಲ್ಲ. ಹನ್ನೊಂದೂ ವಿಡಿಯೊಗಳಲ್ಲಿ ಎಲ್ಲರಿಗಿಂತ ಜೋರಾದ ಚಪ್ಪಾಳೆ ಕೆಳಗೆ ಸಹಿ ಮಾಡಿದವಳದೇ ಎಂಬುದನ್ನು ದಾಖಲಿಸಲಾಗಿದೆ.

(ಸಹಿ ಇದೆ)
ಈವ್ಲಿನ್
ತಾಯಿ ಹಾಗೂ ಸಕ್ಷಮ ಪ್ರಾಧಿಕಾರಿ
(ಕಚೇರಿ ವೇಳೆಯಲ್ಲಿ ಪ್ರಥಮ ದರ್ಜೆ ಸಹಾಯಕಿ)

ಪ್ರತಿಗಳು:
೧. ಶ್ರೀ ವಿಲಿಯಂ: ಅಡುಗೆಮನೆಗೆ ಹೋಗದಿರುವ ಷರತ್ತಿಗೊಳಪಟ್ಟು.
೨. ಶ್ರೀಮತಿ ದೀನಾ: ಎರಡು ಪ್ರತಿ, ಮೊದಲನೆಯದನ್ನು ಓದದೆ ಫಾರ್ವರ್ಡ್ ಮಾಡುವುದರಿಂದ.
೩. ಮಗುವಿನ ತಂದೆ ಶ್ರೀ ಡೆನ್ನಿಸ್: ಚಿತ್ರೀಕರಣ ವಿಭಾಗದಿಂದ ಎತ್ತಿಕೊಳ್ಳುವ ವಿಭಾಗಕ್ಕೆ ವರ್ಗಾವಣೆ ಆದೇಶದೊಂದಿಗೆ.
೪. ಚಿ. ಜಾಯ್: ಓದಲು ಬಾರದ ಕಾರಣ ತಾಯಿಯೇ ಖುದ್ದಾಗಿ ಕಿವಿಯಲ್ಲಿ ಹೇಳತಕ್ಕದ್ದು: “ತಪ್ಪಾತೋ ರಾಜಾ. ನೀ ಹೇಳಾಕತ್ತಿದ್ದಿ, ನಾವು ಚಪ್ಪಾಳಿ ಹೊಡದ್ವಿ.”