ಹೀರೆ ನಾರು ಮತ್ತು ಎರಡು ಏಟು

ಶೌಕಿಯ ತಾರಸಿಯ ಮೇಲಿನ ತುಪ್ಪದ ಹೀರೆಕಾಯಿಗಳು ಅಂತೂ ಒಣಗಿದವು. ಅಲ್ಲಾಡಿಸಿದರೆ ಒಳಗೆ ಬೀಜ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಬೇಸಿಗೆಯಿಡೀ ಆ ಬಳ್ಳಿ, ಹೆಂಡತಿ ನಗಾತ್ ಬಟ್ಟೆ ಒಣಹಾಕುತ್ತಿದ್ದ ಹಗ್ಗವನ್ನು ಪೂರಾ ನುಂಗಿಹಾಕಿತ್ತು. ಮೈಯುಜ್ಜುವ ಅಂಗಡಿಯ ನಾರು ಕೆರೆಯುತ್ತದೆ, ಇದರೊಳಗಿನ ನಮ್ಮ ನಾರು ರೇಷ್ಮೆ ಎಂದು ಶೌಕಿ ಅವಳನ್ನು ಸಮಾಧಾನ ಮಾಡುತ್ತಾ ಬಂದಿದ್ದ.

ಆ ಬೆಳಗ್ಗೆ ಅವನು ಎಲ್ಲಕ್ಕಿಂತ ಉದ್ದದ ಕಾಯಿಯನ್ನು ಕಿತ್ತು ತಂದು ಬಚ್ಚಲಲ್ಲಿ ನೆನೆಹಾಕಿದ. ಮನೆಯ ಬಾತುಕೋಳಿಗಳು ನುಗ್ಗದಂತೆ ಬಾಗಿಲಿಗೆ ಚಿಲಕ ಹಾಕಿಕೊಂಡ. ನಗಾತ್ ಅಷ್ಟರಲ್ಲಿ ಗೋಧಿ ಬೀಸಿಸಲು ಗಿರಣಿಗೆ ಹೋಗಿದ್ದಳು. ಅದು ಅವನಿಗೆ ತಿಳಿದಿರಲಿಲ್ಲ. ಸಿಪ್ಪೆ ಸಲೀಸಾಗಿ ಸುಲಿದು ಬಂತು. ಬೀಜ ಮಾತ್ರ ಬರಲೊಲ್ಲದು. ಶೌಕಿ ಕಾಯಿಯ ಒಂದು ತುದಿ ಹಿಡಿದು ಗೋಡೆಗೆ ಬಡಿಯತೊಡಗಿದ.

ಬಚ್ಚಲ ಕಿಟಕಿ ಓಣಿಗೆ ತೆರೆದಿತ್ತು. ಎದುರುಮನೆಯ ಉಮ್ಮ್ ಜಕಿ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮೊದಲು ಧಪ್ ಧಪ್ ಎಂಬ ಸದ್ದು, ಆಮೇಲೆ ಶೌಕಿಯ ಗೊಣಗಾಟ.

“ಬೇಸಿಗೆ ಪೂರ್ತಿ ಸಾಕಿದ್ದಕ್ಕೆ ಇದಾ ನೀನು ಕೊಡೋದು? ಸಿಪ್ಪೆ ಸುಲಿದ್ರೂ ಬುದ್ಧಿ ಬರಲಿಲ್ಲವಲ್ಲ ನಿಂಗೆ.”

ಉಮ್ಮ್ ಜಕಿ ಎರಡು ಸಲ ನಗಾತಳ ಹೆಸರು ಕೂಗಿದಳು. ಉತ್ತರವಿಲ್ಲ. ಕಾಲುವೆಯಾಚೆಯ ಊರಲ್ಲಿದ್ದ ನಗಾತಳ ಅಣ್ಣ ಅತಿಯಾನಿಗೆ ಫೋನ್ ಮಾಡಿದಳು. ಸುದ್ದಿ ಕಾಲುವೆ ದಾಟುವಷ್ಟರಲ್ಲಿ ಏಟಿನ ಜೊತೆಗೆ ದೊಣ್ಣೆಯೂ ಸೇರಿಕೊಂಡಿತು. ಮೂವರು ಅಣ್ಣಂದಿರು ಒಂದೇ ಬೈಕಿನ ಮೇಲೆ ಬಂದಿಳಿದರು. ಹಿಂದೆಯೇ ಊರ ಹಿರಿಯ ಹಾಜಿ ಮೆತ್ವಲ್ಲಿ, ಅವರ ಹಿಂದೆ ಇಡೀ ಓಣಿ.

ಬಚ್ಚಲ ಬಾಗಿಲು ಬಡಿದಾಗ ಶೌಕಿ ನಗಾತಳೇ ಇರಬೇಕೆಂದುಕೊಂಡ. “ಸ್ವಲ್ಪ ತಡಿ, ಇನ್ನೆರಡು ಏಟು ಬಾಕಿ ಇದೆ” ಎಂದ.

ಬಾಗಿಲು ಕಿತ್ತುಕೊಂಡು ಒಳಗೆ ಬಿತ್ತು.

ಅಣ್ಣಂದಿರು ನೀರಿನ ತೊಟ್ಟಿಯಲ್ಲಿ ನೋಡಿದರು, ಬಾತುಗಳ ಗೂಡಿನಲ್ಲೂ ಇಣುಕಿದರು. ತಂಗಿ ಎಲ್ಲಿ ಎಂದು ಅತಿಯಾ ಕೇಳಿದ. ಶೌಕಿ ಗೊತ್ತಿಲ್ಲ ಎಂದ. ನಿಜವನ್ನೇ ಹೇಳಿದ್ದ, ಆದರೆ ಆ ಗಳಿಗೆಯಲ್ಲಿ ಅದಕ್ಕಿಂತ ಕೆಟ್ಟ ಉತ್ತರ ಬೇರೊಂದಿರಲಿಲ್ಲ. ಕೈಯಲ್ಲಿದ್ದ ನಾರನ್ನು ಎತ್ತಿ ತೋರಿಸಿದ. ಅದರ ಕಡೆ ಯಾರೂ ನೋಡಲಿಲ್ಲ. ಅವನನ್ನು ಅಂಗಳದಲ್ಲಿ ಕೂರಿಸಿದರು. ಪಂಚಾಯ್ತಿ ಎಂದಮೇಲೆ ಚಹಾ ಬೇಕಲ್ಲ, ಉಮ್ಮ್ ಜಕಿ ಅವನದೇ ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟಳು.

ಅಷ್ಟರಲ್ಲಿ ಹಿಟ್ಟಿನ ಬೋಗುಣಿ ಹೊತ್ತು ನಗಾತ್ ಬಂದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಶೌಕಿಗೆ ಹೋದ ಜೀವ ಬಂದಂತಾಯಿತು. ನೀನೇ ಹೇಳಿಬಿಡು ಇವರಿಗೆ ಎಂದ.

“ಇವನು ನಿನ್ನ ಮೇಲೆ ಕೈ ಮಾಡಿದ್ನೇನಮ್ಮ? ಹೆದರಬೇಡ, ನಾವಿದ್ದೀವಿ” ಎಂದರು ಮೆತ್ವಲ್ಲಿ.

ಮದುವೆಯಾದಂದಿನಿಂದ ಶೌಕಿ ಹೆಂಡತಿಗೆ ದನಿಯೆತ್ತಿ ಮಾತಾಡಿದವನಲ್ಲ. ನಗಾತ್ ಅಣ್ಣಂದಿರನ್ನು ನೋಡಿದಳು, ಬಿದ್ದ ಬಾಗಿಲನ್ನು ನೋಡಿದಳು. ಬೋಗುಣಿಯನ್ನು ನಿಧಾನವಾಗಿ ಕೆಳಗಿಳಿಸಿದಳು.

“ಇವತ್ತು ಮಾಡಿಲ್ಲ, ದೊಡ್ಡಪ್ಪ.”

ಮುಂದಿನದೆಲ್ಲ ಬೇಗ ಮುಗಿಯಿತು. ಶೌಕಿ ಮೂವರು ಭಾವಂದಿರ ತಲೆಗೆ ಮುತ್ತಿಟ್ಟು ಕ್ಷಮೆ ಕೇಳಿದ, ಇನ್ನೆಂದೂ ಕೈಯೆತ್ತುವುದಿಲ್ಲವೆಂದು ಆಣೆಯಿಟ್ಟ. ನಗಾತಳ ಮನಸ್ಸು ತಿಳಿಯಾಗುವವರೆಗೆ ಅವಳು ತವರಿನಲ್ಲಿರಬೇಕೆಂದು ತೀರ್ಮಾನವಾಯಿತು. ಅವಳ ಚೀಲ ಕಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹೊರಡುವ ಮುನ್ನ ಅವಳು ಗಂಡನ ಕೈಯಿಂದ ನಾರನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿ ನೋಡಿದಳು.

“ನಿಜವಾಗ್ಲೂ ಮೆತ್ತಗಿದೆ ರೀ” ಎಂದು ಪಿಸುಗುಟ್ಟಿದಳು. “ಅಮ್ಮನ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ ಅಂದಾಗೆಲ್ಲ ಬಳ್ಳಿಗೆ ನೀರು ಹಾಕೋರ್ಯಾರು ಅಂತಿದ್ರಲ್ಲ. ಈಗ ನೀವೇ ಹಾಕ್ಕೊಳ್ಳಿ.”

ನಾರು ಅವಳ ಚೀಲ ಸೇರಿತು.

ಸಂಜೆ ಶೌಕಿ ಉಳಿದ ಕಾಯಿಗಳನ್ನು ಮಡಿಲಲ್ಲಿಟ್ಟುಕೊಂಡು ತಾರಸಿಯ ಮೇಲೆ ಕೂತ. ಬೆಂಕಿಕಡ್ಡಿಯಿಂದ ಒಂದೊಂದೇ ಬೀಜವನ್ನು ಸದ್ದಾಗದಂತೆ ಕೆದಕಿ ತೆಗೆಯತೊಡಗಿದ. ಕೆಳಗೆ ಉಮ್ಮ್ ಜಕಿ ತನ್ನ ಕುರ್ಚಿಯನ್ನು ಅವನ ಗೋಡೆಗೆ ಒರಗಿಸಿಕೊಂಡು ಕೂತಿದ್ದಳು.